ಹೆಲಿಕೆ: ಒಂದು ಪದದ ಅಡಿಯಲ್ಲಿ ಹೂತುಹೋದ ಪಟ್ಟಣ

ಕ್ರಿ.ಪೂ. 373ರ ಚಳಿಗಾಲದ ಒಂದು ರಾತ್ರಿ ಕೊರಿಂಥ್ ಕೊಲ್ಲಿಯ ದಕ್ಷಿಣ ತೀರದ ಹೆಲಿಕೆ ಪಟ್ಟಣ ಭೂಕಂಪಕ್ಕೆ ಕುಸಿಯಿತು. ಬೆನ್ನಲ್ಲೇ ಉಕ್ಕಿಬಂದ ಕಡಲು ಅದನ್ನು ಮುಳುಗಿಸಿತು. ಅಖಾಯಾ ಪ್ರಾಂತದ ಹನ್ನೆರಡು ಪಟ್ಟಣಗಳ ಒಕ್ಕೂಟದಲ್ಲಿ ಅದು ಪ್ರಮುಖವಾದದ್ದು. ಕಡಲ ದೈವ ಪೊಸೈಡಾನನ ಹೆಸರಾಂತ ಕ್ಷೇತ್ರವೂ ಹೌದು. ಶವಗಳನ್ನು ಹೊರತೆಗೆಯಲು ಹೋದ ಎರಡು ಸಾವಿರ ಜನರಿಂದ ಅದು ಸಾಧ್ಯವಾಗಲಿಲ್ಲವೆಂದು ಸ್ಟ್ರಾಬೋ ದಾಖಲಿಸಿದ್ದಾನೆ. ದೈವಕ್ಕೆ ಅಪಚಾರವೆಸಗಿದ್ದರ ಫಲವಿದು ಎಂದು ಅಂದಿನವರು ನಂಬಿದರು.

ಮುಂದೆ ವಿದ್ವಾಂಸ ಎರಟೊಸ್ತನೀಸ್ ಅಲ್ಲಿಗೆ ಹೋದಾಗ ದೋಣಿ ನಡೆಸುವವರು ಅವನಿಗೊಂದು ಸಂಗತಿ ಹೇಳಿದರು: ಪೊಸೈಡಾನನ ಕಂಚಿನ ವಿಗ್ರಹ 'ಪೊರೋಸ್'ನಲ್ಲಿ ನೆಟ್ಟಗೆ ನಿಂತಿದೆ, ಬಲೆ ಬೀಸುವ ಬೆಸ್ತರಿಗೆ ಅದರಿಂದ ಅಪಾಯ. ಪೊರೋಸ್ ಎಂದರೆ ಹಾಯ್ದು ಹೋಗುವ ನೀರು. ಓದಿದವರು ಅದನ್ನು ಕೊರಿಂಥ್ ಕೊಲ್ಲಿಯೆಂದೇ ಗ್ರಹಿಸಿದರು. ಹಾಗಾಗಿ ಇಪ್ಪತ್ತನೆಯ ಶತಮಾನದ ಶೋಧವೂ ಕಡಲಿನಲ್ಲಿಯೇ ನಡೆಯಿತು.

1988ರಲ್ಲಿ ಡೋರಾ ಕಟ್ಸೊನೊಪೌಲು ಮತ್ತು ಸ್ಟೀವನ್ ಸೋಟರ್ ಕಡಲತಳವನ್ನು ಸೋನಾರ್ ಯಂತ್ರದಿಂದ ಪರೀಕ್ಷಿಸಿದರು. ಪಟ್ಟಣದ ಸುಳಿವು ಸಿಗಲಿಲ್ಲ. ಆಗ ಅವರು ಮತ್ತೆ ಆ ಪದದ ಕಡೆಗೆ ತಿರುಗಿದರು. ಪೊರೋಸ್ ಕೊಲ್ಲಿಯಾಗಿರದೆ, ತೀರದ ಒಳಗಿನ ಹಿನ್ನೀರಾಗಿದ್ದಿರಬಹುದಲ್ಲವೆ? ಸೆಲಿನೂಸ್, ಕೆರಿನೈಟಿಸ್ ನದಿಗಳು ಹೊತ್ತು ತಂದ ಹೂಳಿನಿಂದ ಆ ಹಿನ್ನೀರು ತುಂಬಿ ನೆಲವಾಗಿರಬೇಕು. ಈ ಊಹೆಯಿಂದ ಬಯಲಿನಲ್ಲಿ ಕೊಳವೆ ಕೊರೆದು ಮಣ್ಣಿನ ಪದರಗಳನ್ನು ಪರೀಕ್ಷಿಸಿದರು. 2001ರಲ್ಲಿ ರಿಜೊಮಿಲೊಸ್ ಎಂಬ ಹಳ್ಳಿಯ ಬಳಿ, ಹಿನ್ನೀರಿನ ಹೂಳಿನ ಕೆಳಗೆ, ಹೆಲಿಕೆಯ ಕಟ್ಟಡಗಳ ಕುಸಿದ ಗೋಡೆಗಳು ಕಂಡವು.

ಅದೇ ಬಯಲಿನಲ್ಲಿ ಇದಕ್ಕಿಂತ ಸುಮಾರು ಎರಡು ಸಾವಿರ ವರ್ಷ ಹಿಂದಿನ ಕಂಚಿನ ಯುಗದ ಊರೊಂದೂ ಸಿಕ್ಕಿತು. ದುರಂತದ ನಂತರದ ಕಾಲದ ಬಣ್ಣಗಾರಿಕೆಯ ಕಟ್ಟಡವೂ ಬೆಳಕಿಗೆ ಬಂತು. ನೆಲ ನಡುಗುವ ತಾಣವೆಂದು ಜನ ಅದನ್ನು ತೊರೆದು ಹೋಗಲಿಲ್ಲ. ನದಿಗಳ ಮೆಕ್ಕಲು ಮಣ್ಣು ಅವರನ್ನು ಮತ್ತೆ ಮತ್ತೆ ಕರೆತಂದಿತು.

ಪ್ರಾಚೀನ ಗ್ರಂಥಗಳನ್ನು ಓದುವ ನಮಗೆ ಹೆಲಿಕೆಯಲ್ಲಿ ಒಂದು ಪಾಠವಿದೆ. ಎರಟೊಸ್ತನೀಸನಿಗೆ ಹೇಳಿದ ದೋಣಿಯವರು ತಾವು ನಿತ್ಯ ಹಾಯುತ್ತಿದ್ದ ನೀರಿನ ಮಾತನ್ನೇ ಆಡಿದ್ದರು. ಆ ಮಾತು ಗ್ರಂಥಕ್ಕಿಳಿದ ಮೇಲೆ ಅದರ ನೆಲ ಬದಲಾಯಿತು, ನಾವು ಪದವನ್ನು ಮಾತ್ರ ಹಿಡಿದುಕೊಂಡೆವು. ಪದದ ಅರ್ಥವನ್ನು ಕೋಶದಲ್ಲಿ ಹುಡುಕುವಾಗ ಅದನ್ನು ಆಡಿದವರು ನಿಂತಿದ್ದ ಜಾಗವನ್ನೂ ಕೇಳಿಕೊಳ್ಳಬೇಕಾಗುತ್ತದೆ.

ಉತ್ಖನನವಾದದ್ದು ಪಟ್ಟಣದ ಅಲ್ಪಭಾಗ ಮಾತ್ರ. ಹೊಸ ಕಟ್ಟಡ, ರೈಲುಮಾರ್ಗಗಳ ಒತ್ತಡ ಅಲ್ಲಿಯೂ ಇದೆ. 2004ರಲ್ಲಿ ಅಪಾಯದಂಚಿನ ಸ್ಮಾರಕಗಳ ಜಾಗತಿಕ ಪಟ್ಟಿಗೆ ಹೆಲಿಕೆ ಸೇರಿತು. ದೋಣಿಯವರು ಹೇಳಿದ ಆ ಕಂಚಿನ ದೈವ ಇನ್ನೂ ಹೊರಬಂದಿಲ್ಲ.