ನಿಶ್ಚಿತಾರ್ಥಕ್ಕೆ ವಜ್ರದುಂಗುರ ಕೊಳ್ಳಬೇಕೆ? ಅಂಗಡಿಗೆ ಹೋಗುವ ಮುನ್ನ ಇದು ಗೊತ್ತಿರಲಿ

ಹೈದರಾಬಾದ್: ಕೊಹಿನೂರ್‌ನಂಥ ವಜ್ರಗಳಿಗೆ ಗೋಲ್ಕೊಂಡದ ಹೆಸರು ಅಂಟಿಕೊಂಡಿದೆ. ಗಣಿಗಳಿದ್ದದ್ದು ಕೃಷ್ಣಾ ತೀರದ ಕೊಲ್ಲೂರಿನಂಥ ಊರುಗಳಲ್ಲಿ, ವ್ಯಾಪಾರ ಗೋಲ್ಕೊಂಡದಲ್ಲಿ. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರಂತೂ 184.75 ಕ್ಯಾರೆಟ್‌ನ ಜೇಕಬ್ ವಜ್ರವನ್ನು ಪೇಪರ್‌ವೇಟ್ ಮಾಡಿಕೊಂಡಿದ್ದರು!

ಆದರೆ ನಿಶ್ಚಿತಾರ್ಥಕ್ಕೆ ವಜ್ರವೇ ಬೇಕೆಂಬುದು ಇಲ್ಲಿನ ಹಳೆಯ ಪದ್ಧತಿಯಲ್ಲ. ಅದು ಜನಪ್ರಿಯವಾಗಿದ್ದರಲ್ಲಿ, ವಜ್ರ ಶಾಶ್ವತ ಎಂದು ಸಾರಿದ ಡಿ ಬೀರ್ಸ್ ಕಂಪನಿಯ 1947ರ ಜಾಹೀರಾತಿನ ಪಾಲು ದೊಡ್ಡದು.

ಉಳಿತಾಯದ ಲೆಕ್ಕದಲ್ಲಿ ವಜ್ರ ಲಾಭದಾಯಕವಲ್ಲ. ಚಿನ್ನಕ್ಕೆ ದಿನದ ದರವಿದೆ, ಕಷ್ಟಕಾಲದಲ್ಲಿ ಅಡವಿಡಬಹುದು. ವಜ್ರಕ್ಕೆ ಅಂಥ ಒಂದೇ ದರವಿಲ್ಲ. ತೂಕ, ಬಣ್ಣ, ಶುದ್ಧತೆ, ಕಟ್ ನೋಡಿ ಬೆಲೆ ಕಟ್ಟುತ್ತಾರೆ. ಮಾರಲು ಹೋದರೆ ಕೊಟ್ಟಷ್ಟು ಹಣ ಸಿಗುವುದು ಅಪರೂಪ. ಚಿನ್ನದ ಸಾಲ ಕೊಡುವವರು ಸಾಮಾನ್ಯವಾಗಿ ಕಲ್ಲಿನ ತೂಕ ಕಳೆದೇ ಲೆಕ್ಕ ಹಾಕುತ್ತಾರೆ.

ತೊಡುವ ಆಸೆಗಷ್ಟೇ ಆದರೆ ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ನೋಡಬಹುದು. ಅದೂ ಇಂಗಾಲದ ಹರಳೇ, ಬರಿಗಣ್ಣಿಗೆ ವ್ಯತ್ಯಾಸ ಕಾಣದು, ಬೆಲೆ ಬಹಳ ಕಡಿಮೆ. ಮರುಮಾರಾಟದಲ್ಲಿ ಮಾತ್ರ ಅದರ ಪಾಡು ಇನ್ನೂ ಕಷ್ಟ.

ಬಿಐಎಸ್ ಹಾಲ್‌ಮಾರ್ಕ್ ಮತ್ತು ಆರಂಕಿಯ ಎಚ್‌ಯುಐಡಿ ಖಾತರಿಪಡಿಸುವುದು ಚಿನ್ನದ ಶುದ್ಧತೆಯನ್ನು, ವಜ್ರದ್ದನ್ನಲ್ಲ. ಕಲ್ಲಿಗೆ ಜಿಐಎ ಅಥವಾ ಐಜಿಐ ಪ್ರಮಾಣಪತ್ರ ಕೇಳಿ. ಬಿಲ್‌ನಲ್ಲಿ ಚಿನ್ನದ ತೂಕ, ವಜ್ರದ ಕ್ಯಾರೆಟ್, ಮೇಕಿಂಗ್ ಚಾರ್ಜ್ ಬೇರೆಬೇರೆಯಾಗಿರಲಿ. ವಾಪಸ್ ಕೊಟ್ಟರೆ ಎಷ್ಟು ಹಣ ಸಿಗುತ್ತದೆ ಎಂಬುದನ್ನು ಬರೆಸಿಕೊಳ್ಳಿ. ಕೆಲವೆಡೆ ನಗದು ಕೊಡದೆ ಬೇರೆ ಒಡವೆಗೆ ವಿನಿಮಯವಷ್ಟೇ ಮಾಡಿಕೊಡುತ್ತಾರೆ.