ಮಾಲೀಕತ್ವ ಬದಲಾವಣೆ ಮತ್ತು ಕಾರ್ಮಿಕರ ಹಕ್ಕು (ಕೆಜಿಎಫ್)

ರಾಬರ್ಟ್‌ಸನ್‌ಪೇಟೆ ಪಟ್ಟಣದ ಅನ್ನದ ಮೂಲವಾಗಿದ್ದ ಕೋಲಾರ ಚಿನ್ನದ ಗಣಿಗಳು ಹಲವು ಬಾರಿ ಕೈ ಬದಲಿಸಿವೆ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತ, 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್.

ಕಾಕತಾಳೀಯವೆಂಬಂತೆ, ಇಂಥ ವರ್ಗಾವಣೆಗೆ ಸಂಬಂಧಿಸಿದ 25ಎಫ್‌ಎಫ್ ಕಲಂ ಕೈಗಾರಿಕಾ ವಿವಾದಗಳ ಕಾಯ್ದೆಗೆ ಸೇರಿದ್ದೂ 1956ರಲ್ಲೇ. ಮರುವರ್ಷ ಅದನ್ನು ತಿದ್ದಿ ಬರೆಯಲಾಯಿತು. ಅದರ ಪ್ರಕಾರ, ಉದ್ದಿಮೆ ಮಾರಾಟವಾದಾಗ ಸೇವೆ ಕಡಿಯಬಾರದು, ಸಂಬಳ–ಸವಲತ್ತು ಮೊದಲಿಗಿಂತ ಕಡಿಮೆಯಾಗಬಾರದು, ಮುಂದೆ ಕೆಲಸದಿಂದ ತೆಗೆದರೆ ಹೊಸ ಮಾಲೀಕ ಹಳೆಯ ಸೇವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇವುಗಳಲ್ಲಿ ಒಂದು ತಪ್ಪಿದರೂ, ವರ್ಷ ಪೂರೈಸಿದ ಕಾರ್ಮಿಕನಿಗೆ ನೋಟಿಸ್ ಮತ್ತು ಪರಿಹಾರ ಸಲ್ಲಬೇಕು. ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಸರಾಸರಿ ಸಂಬಳ. 20 ವರ್ಷ ದುಡಿದವನಿಗೆ 300 ದಿನದ್ದು. ಬರೀ ಷೇರುಗಳು ಕೈಬದಲಾದರೆ ಈ ಕಲಂ ಅನ್ವಯಿಸುತ್ತಿರಲಿಲ್ಲ: ಕಾನೂನಿನ ಕಣ್ಣಿಗೆ ಧಣಿ ಅದೇ ಕಂಪನಿ. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ಕಲಮಿನ ತತ್ವವನ್ನು ಉಳಿಸಿಕೊಂಡಿದೆ.

2001ರಲ್ಲಿ ಗಣಿ ಮುಚ್ಚಿದಾಗ ಹೊಸ ಮಾಲೀಕನೇ ಇರಲಿಲ್ಲ. ಆಗಿನದು ಮುಚ್ಚುಗಡೆಯ ಪರಿಹಾರದ ಪ್ರಶ್ನೆ. ಗಣಿಯನ್ನು ತಮಗೇ ವಹಿಸಿ ಎಂದು ಕಾರ್ಮಿಕರು ಕೋರ್ಟ್ ಹತ್ತಿದರು. 2013ರಲ್ಲಿ ಸುಪ್ರೀಂ ಕೋರ್ಟ್ ಗಣಿ ಮಾರಾಟದ ಜಾಗತಿಕ ಟೆಂಡರ್‌ಗೆ ದಾರಿ ಬಿಟ್ಟಿತು.