ಕಾಲಿಗೆ ಗೊತ್ತಾಗೋ ಬ್ರೇಕು

ಹುಡುಗರು ಮನೇಲಿ ಕೂತು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡ್ತಾರಲ್ಲ, ಅದಕ್ಕೆ ಸ್ಟೀರಿಂಗು, ಕಾಲಿಗೆ ಪೆಡಲು ಎಲ್ಲಾ ಬತ್ತದೆ. ನಾಕು ದಿನ ಆದ್ಮೇಲೆ ‘ಅವ್ವ, ಬ್ರೇಕು ಮೆತ್ತಗದೆ, ಬೇರೆ ಪೆಡಲು ಬೇಕು’ ಅಂತ ಶುರು ಮಾಡ್ತವೆ. ತುಳಿಯೋ ಸಾಮಾನಿಗೆ ಇನ್ನೊಂದ್ಸಲ ದುಡ್ಡು ಯಾಕೆ ಅಂತ ಬೈಯೋಕೆ ಮುಂಚೆ ಬ್ರೇಕಿನ ಕತೆ ವಸಿ ಕೇಳಿ ಅಕ್ಕಂದಿರಾ. ಹೊಲಿಗೆ ಮಿಷನ್ ತುಳಿದೋರಿಗೆ ಇದು ಬೇಗ ತಿಳೀತದೆ.

ಬ್ರೇಕಂದ್ರೆ ಮೊದಲಿಂದಲೂ ಮೈಗೆ ಗೊತ್ತಾಗೋ ವಿಷಯ. ಕೆಲವು ಎತ್ತಿನ ಗಾಡಿಗಳಲ್ಲಿ ಇಳಿಜಾರು ಬಂದಾಗ ಮರದ ತುಂಡನ್ನ ಹಗ್ಗದಲ್ಲಿ ಎಳೆದು ಚಕ್ರದ ಪಟ್ಟಿಗೆ ಒತ್ತಿಸೋರು. ಗಾಡಿ ಎಷ್ಟು ಹಿಡೀತು ಅನ್ನೋದು ಹಗ್ಗದ ಬಿಗಿಯಲ್ಲೇ ಕೈಗೆ ತಿಳೀತಿತ್ತು. ಆಮೇಲೆ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಂತು. 1960ರ ದಶಕದ ಶುರುವಿನಿಂದ 1996ರ ತನಕ ಜಾವಾ, ಯೆಜ್ಡಿ ಬೈಕು ಅಲ್ಲೇ ತಯಾರಾದವು. ಅವಕ್ಕೆ ಇದ್ದದ್ದು ಡ್ರಮ್ ಬ್ರೇಕು. ಒಳಗಿನ ಲೈನರ್ ಸವೆದಂಗೆಲ್ಲಾ ಪೆಡಲು ಇನ್ನೂ ಕೆಳಕ್ಕೆ ಹೋಗೋದು, ಆಗ ನಟ್ಟು ಬಿಗಿ ಮಾಡಿಸೋರು. ಕಾಲೇ ಹೇಳೋದು, ರಿಪೇರಿಗೆ ಬಂತು ಅಂತ.

ಕಾರಿನದು ಬೇರೆ ತರ. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಂಪನಿ ನಾಲ್ಕೂ ಚಕ್ರಕ್ಕೆ ಎಣ್ಣೆಯಲ್ಲಿ ನಡೆಯೋ ಬ್ರೇಕು ಹಾಕಿದ ಕಾರು ತಂತು. ಎಣ್ಣೆಯನ್ನ ಅದುಮಿದ್ರೆ ಅದು ಕುಗ್ಗೋದಿಲ್ಲ. ಅದಕ್ಕೇ ಕಾರಿನ ಪೆಡಲು ವಸಿ ದೂರ ಹೋಗಿ ಗಟ್ಟಿಯಾಗಿ ನಿಂತ್ಕತದೆ. ಅಲ್ಲಿಂದಾಚೆಗೆ ಲೆಕ್ಕಕ್ಕೆ ಬರೋದು ಎಷ್ಟು ಒತ್ತಿದ್ರಿ ಅನ್ನೋದು, ಕಾಲು ಎಷ್ಟು ದೂರ ಹೋಯ್ತು ಅಂತಲ್ಲ.

ಆಟದ ಪೆಡಲಿನ ತೊಂದರೆ ಇರೋದು ಇಲ್ಲೇ. ಕಡಿಮೆ ಬೆಲೆಯದರಲ್ಲಿ ಒಂದು ಸ್ಪ್ರಿಂಗು, ರೇಡಿಯೋದ ವಾಲ್ಯೂಮ್ ತಿರುವಣಿ ತರದ್ದು ಒಂದು ಅಷ್ಟೇ. ಅದು ದೂರ ಅಳೀತದೆ, ಒತ್ತಡ ಅಳೆಯಲ್ಲ. 2015ರಲ್ಲಿ ಬಂದ ಲಾಜಿಟೆಕ್ ಜಿ29ರ ಬ್ರೇಕಿನೊಳಗೆ ಅದಕ್ಕೇ ಒಂದು ರಬ್ಬರ್ ತುಂಡು ಮಡಗಿದ್ರು, ಕೊನೇಲಿ ಗಟ್ಟಿ ಅನ್ನಿಸ್ಲಿ ಅಂತ. ದುಬಾರಿ ಪೆಡಲಲ್ಲಿ ಇರೋದು ಲೋಡ್‌ ಸೆಲ್. ಹೆಸರು ಹೊಸದು ಅನ್ನಿಸಬಹುದು, ಸಾಮಾನು ನಿಮಗೆ ಗೊತ್ತಿರೋದೇ. ರೇಷನ್ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ, ತಂಬಾಕು ಹರಾಜಿನಲ್ಲಿ ಬೇಲು ತೂಗೋ ತಕ್ಕಡಿಯೊಳಗೆ ಇರೋದೂ ಅದೇ. ಭಾರ ಬಿದ್ದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗ್ತದೆ, ಮೇಲೆ ಅಂಟಿಸಿರೋ ಸಣ್ಣ ತಂತಿ ಅದನ್ನ ಅಳೀತದೆ. ಆ ತಂತಿಯ ಉಪಾಯ ಅಮೆರಿಕದಲ್ಲಿ 1938ರಲ್ಲಿ ಇಬ್ಬರಿಗೆ ಬೇರೆ ಬೇರೆಯಾಗಿ ಹೊಳೀತು.

2020ರ ಮಾರ್ಚ್ 22, ನಾವೆಲ್ಲ ಜನತಾ ಕರ್ಫ್ಯೂ ಅಂತ ಬಾಗಿಲು ಹಾಕ್ಕಂಡು ಕೂತಿದ್ವಲ್ಲ, ಅವತ್ತೇ ಫಾರ್ಮುಲಾ ಒನ್‌ನೋರು ಬಹ್ರೇನ್ ರೇಸನ್ನ ಕಂಪ್ಯೂಟರಿನಲ್ಲಿ ನಡೆಸಿದ್ರು. ನಿಜವಾದ ಡ್ರೈವರುಗಳೂ ಮನೇಲಿ ಕೂತು ಪೆಡಲು ತುಳಿದ್ರು. ಹಂಗಾಗಿ ಇದನ್ನ ಬರೀ ಹುಡುಗಾಟ ಅನ್ನಂಗಿಲ್ಲ.

ಆದ್ರೂ ದುಡ್ಡು ಬಿಚ್ಚೋ ಮುಂಚೆ ಮೂರು ಕೆಲಸ ಮಾಡಿಸಿ. ಮೊದಲು, ಕುರ್ಚಿ ಹಿಂದಕ್ಕೆ ಜಾರದಂಗೆ, ಪೆಡಲು ಮುಂದಕ್ಕೆ ಜಾರದಂಗೆ ಗೋಡೆಗೆ ಆನಿಸಿ. ಜಾರೋ ಕುರ್ಚಿ ಮೇಲೆ ಎಂಥಾ ಬ್ರೇಕೂ ಮೆತ್ತಗೇ. ಎರಡನೇದು, ಪೆಡಲಿಗೆ ಹೊಂದೋ ಗಟ್ಟಿ ಸ್ಪ್ರಿಂಗೋ ರಬ್ಬರೋ ಹಾಕಿ ನೋಡ್ಲಿ. ಮೂರನೇದು, ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ, ಹುಡುಗ ಕಾಲು ನೋಯದಂಗೆ ಜೋರಾಗಿ ಒತ್ತಿದ್ದೇ ನೂರಕ್ಕೆ ನೂರು ಅಂತ ಇಟ್ಕಳ್ಳಲಿ. ದೊಡ್ಡೋರ ಲೆಕ್ಕಕ್ಕೆ ಇಟ್ರೆ ಮಂಡಿ ನೋವು ಬತ್ತದೆ, ಬ್ರೇಕೂ ಪೂರ್ತಿ ಹಿಡಿಯಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿ. ಆಟದ ಕಾಲು ರಸ್ತೆಗೆ ಬರಲ್ಲ. ಆಟದಲ್ಲಿ ಗುದ್ದಿದ್ರೆ ಗುಂಡಿ ಒತ್ತಿ ಮತ್ತೆ ಶುರು ಮಾಡಬಹುದು, ಕೋಟೆ ರಸ್ತೇಲಿ ಅದಿಲ್ಲ. 2019ರ ಏಪ್ರಿಲ್ ಆದ್ಮೇಲೆ ಬಂದ ನಮ್ಮ ಸ್ಕೂಟರುಗಳಲ್ಲಿ ಹಿಂದಿನ ಬ್ರೇಕು ಹಿಡಿದ್ರೆ ಮುಂದಿನದೂ ವಸಿ ಹಿಡೀತದೆ. ಅದು ಎಷ್ಟು ಹಿಡೀತದೆ ಅಂತ ಗಾಡಿ ಹತ್ತಿ ನಿಧಾನಕ್ಕೆ ಹೋಗ್ತಾ ನೋಡ್ಕಂಡ್ರೇ ಗೊತ್ತಾಗೋದು. ಹದಿನೆಂಟು ತುಂಬಿ ಲೈಸೆನ್ಸು ಬಂದ ಮಕ್ಕಳಿಗೂ ಮೊದಲು ಅದನ್ನೇ ಕಲಿಸಿ.